ಕ್ಲೋಂಡೈಕ್, 1896–1899: ಸುದ್ದಿ ಮುಟ್ಟುವ ಮೊದಲೇ ಹಂಚಿಹೋಗಿದ್ದ ಚಿನ್ನ

ಮೊದಲು ನಾಲ್ಕು ತಾರೀಖು.

1896ರ ಆಗಸ್ಟ್ 16. ಕೆನಡಾದ ವಾಯವ್ಯ ತುದಿಯ ಯೂಕಾನ್ ಸೀಮೆಯಲ್ಲಿ, ರ್ಯಾಬಿಟ್ ಕ್ರೀಕ್ ಎಂಬ ಸಣ್ಣ ಹಳ್ಳದಲ್ಲಿ ಚಿನ್ನ ಕಂಡಿತು. 1897ರ ಜುಲೈ 17. ಆ ಚಿನ್ನ ಹೊತ್ತ ಪೋರ್ಟ್‌ಲ್ಯಾಂಡ್ ಎಂಬ ಹಡಗು ಅಮೆರಿಕದ ಸಿಯಾಟಲ್ ಬಂದರಿಗೆ ಬಂತು, ಜಗತ್ತಿಗೆ ಹುಚ್ಚು ಹಿಡಿಯಿತು. 1898ರ ಜೂನ್. ಸುದ್ದಿ ಕೇಳಿ ಮನೆ ಬಿಟ್ಟಿದ್ದವರ ದೊಡ್ಡ ದಂಡು ಡಾಸನ್ ಪಟ್ಟಣ ಮುಟ್ಟಿತು. 1899ರ ಆಗಸ್ಟ್. ಅದೇ ಡಾಸನ್‌ನಿಂದ ಒಂದೇ ವಾರದಲ್ಲಿ ಸುಮಾರು 8,000 ಮಂದಿ ಗಂಟುಮೂಟೆ ಕಟ್ಟಿದರು.

ಕ್ಲೋಂಡೈಕ್ ಕಥೆ ಹೇಳುವವರು ಸಾಮಾನ್ಯವಾಗಿ ಎರಡನೆಯ ಮತ್ತು ಮೂರನೆಯ ತಾರೀಖಿನ ನಡುವೆಯೇ ಸುತ್ತುತ್ತಾರೆ. ಹಿಮದ ಮೆಟ್ಟಿಲು ಹತ್ತುವ ಕಪ್ಪು ಇರುವೆಸಾಲಿನಂಥ ಜನ, ಸತ್ತು ಬಿದ್ದ ಕುದುರೆಗಳು, ಸಲೂನು, ಜೂಜು, ಪಿಯಾನೋ. ಚಿತ್ರ ಚೆನ್ನಾಗಿದೆ, ಒಪ್ಪೋಣ. ಆದರೆ ಪ್ರಕರಣದ ಕೀಲು ಇರುವುದು ಅದಕ್ಕೂ ಹಿಂದೆ, ಮೊದಲ ತಾರೀಖಿಗೂ ಎರಡನೆಯದಕ್ಕೂ ನಡುವಿನ ಹನ್ನೊಂದು ತಿಂಗಳಲ್ಲಿ. ಹೊರಗಿನ ಒಬ್ಬನೇ ಒಬ್ಬ ಮನುಷ್ಯ ಹೊಸ್ತಿಲು ದಾಟುವ ಮೊದಲೇ, ಹೆಸರು ಮಾಡಿದ ಎರಡೂ ಹಳ್ಳಗಳ ಅಡಿ ಅಡಿ ಜಾಗಕ್ಕೂ ಗೂಟ ಬಿದ್ದಿತ್ತು. ಲಕ್ಷ ಜನ ಓಡಿದ್ದು ಆಗಲೇ ಮುಗಿದಿದ್ದ ಓಟಕ್ಕೆ.

ಹಳ್ಳ ಮತ್ತು ಗೂಟ

ನಮ್ಮಲ್ಲಿ ಚಿನ್ನ ಎಂದ ಕೂಡಲೇ ಕಣ್ಣಿಗೆ ಬರುವುದು ಕೋಲಾರ. ಬಂಡೆಯೊಳಗಿನ ಬಿಳಿಕಲ್ಲಿನ ಎಳೆ, ಆಳದ ಸುರಂಗ, ಯಂತ್ರ, ಕಂಪನಿ. ಕ್ಲೋಂಡೈಕ್‌ನ ಚಿನ್ನ ಆ ಜಾತಿಯದಲ್ಲ. ಅದನ್ನು ತಿಳಿಯಲು ಕೋಲಾರಕ್ಕಿಂತ ಗದಗ ಸೀಮೆಯ ಕಪ್ಪತಗುಡ್ಡ ಹತ್ತಿರ. ಅಲ್ಲಿನ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಪುಡಿ ಹೆಕ್ಕುತ್ತಿದ್ದವರನ್ನು ಜಾಲಗಾರರು ಎನ್ನುತ್ತಿದ್ದರು. ಬಂಡೆ ಸವೆದು, ಮಳೆನೀರಿಗೆ ಕೊಚ್ಚಿ, ಭಾರವಾದ್ದರಿಂದ ಹಳ್ಳದ ತಳದಲ್ಲಿ ಕುಳಿತುಬಿಟ್ಟ ಚಿನ್ನ ಅದು. ಅದನ್ನು ತೆಗೆಯಲು ಬಂಡವಾಳ ಬೇಡ, ಒಂದು ಬೋಗುಣಿ, ನೀರು, ಬಗ್ಗಿದ ಬೆನ್ನು ಸಾಕು. ಬಡವನೂ ಕೈಹಾಕಬಹುದಾದ ಚಿನ್ನ ಇದೊಂದೇ. ಜನ ಹುಚ್ಚೆದ್ದು ಓಡುವುದೂ ಇದಕ್ಕೇ.

ಕ್ಲೋಂಡೈಕ್ ಎನ್ನುವುದು ಬಿಳಿಯರ ನಾಲಿಗೆಗೆ ಹೊರಳದ ಒಂದು ಹೆಸರಿನ ಮುರುಕು ರೂಪ. ಆ ನದಿ ಯೂಕಾನ್ ಹೊಳೆಗೆ ಸೇರುವ ಜಾಗದಲ್ಲಿ ಹಾನ್ ಜನಾಂಗದವರು ಬೇಸಿಗೆಯಲ್ಲಿ ಸಾಲ್ಮನ್ ಮೀನು ಹಿಡಿಯುತ್ತಿದ್ದರು. ನೀರಿನೊಳಗೆ ಕಲ್ಲಿನಿಂದ ಗೂಟ ಹೊಡೆದು ಬೇಲಿ ಕಟ್ಟಿ ಮೀನನ್ನು ಬಲೆಗೆ ತಿರುಗಿಸುವುದು ಅವರ ಪದ್ಧತಿ. ಆ ಬಡಿಗಲ್ಲಿನಿಂದಲೇ ನದಿಗೆ ಟ್ರೋಂಡೆಕ್ ಎಂದು ಹೆಸರು. ಮುಂದೆ ಇಡೀ ಸೀಮೆಗೆ ಬೇರೆ ಥರದ ಗೂಟಗಳು ಬಿದ್ದವು.

ಚಿನ್ನ ಕಂಡವರು ನಾಲ್ವರು, ಒಂದೇ ಮನೆಯವರು. ಟ್ಯಾಗಿಶ್ ಬುಡಕಟ್ಟಿನ ಕೀಶ್, ಬಿಳಿಯರ ಬಾಯಲ್ಲಿ ಸ್ಕೂಕಮ್ ಜಿಮ್. ಅವನ ಅಕ್ಕತಂಗಿಯರಲ್ಲಿ ಒಬ್ಬಳಾದ ಶಾ ಟ್ಲಾ, ಅಂದರೆ ಕೇಟ್. ಅವರ ಸೋದರಳಿಯ ಚಾರ್ಲಿ. ಕೇಟ್‌ಳ ಗಂಡ, ಕ್ಯಾಲಿಫೋರ್ನಿಯಾದಿಂದ ಬಂದ ಜಾರ್ಜ್ ಕಾರ್ಮ್ಯಾಕ್. ಮೊದಲು ಯಾರ ಕಣ್ಣಿಗೆ ಬಿತ್ತು ಎಂಬ ಜಗಳ ಇವತ್ತಿಗೂ ಬಗೆಹರಿದಿಲ್ಲ. ಆದರೆ ಯಾರ ಹೆಸರಿಗೆ ಬಂತು ಎಂಬುದರಲ್ಲಿ ಗೊಂದಲವಿಲ್ಲ. ಮೊದಲು ಕಂಡವನಿಗೆ ಎರಡು ತುಂಡು ಜಾಗ, ಉಳಿದವರಿಗೆ ಒಂದೊಂದು ಎಂಬುದು ನಿಯಮ. ಬುಡಕಟ್ಟಿನವನೊಬ್ಬ ತಾನೇ ಕಂಡುಹಿಡಿದೆ ಎಂದರೆ ಯಾರೂ ಮಾನ್ಯ ಮಾಡುವುದಿಲ್ಲ ಎಂದು ವಾದಿಸಿ ಕಾರ್ಮ್ಯಾಕ್ ಆ ಎರಡನ್ನೂ ತನ್ನ ಹೆಸರಿಗೆ ಗೂಟ ಹೊಡೆದುಕೊಂಡ. ಜಿಮ್‌ಗೆ ಒಂದು, ಚಾರ್ಲಿಗೆ ಒಂದು. ಕೇಟ್ ಹೆಸರಿಗೆ ಏನೂ ಇಲ್ಲ.

ಐದನೆಯವನೊಬ್ಬ ಇರಬೇಕಿತ್ತು. ರಾಬರ್ಟ್ ಹೆಂಡರ್ಸನ್ ಎಂಬ ನೋವಾಸ್ಕೋಷಿಯಾದ ಗಣಿಗಾರ ಗುಡ್ಡದ ಆಚೆ ಬದಿಯ ಹಳ್ಳದಲ್ಲಿ ಅದಾಗಲೇ ಅಗೆಯುತ್ತಿದ್ದ. ಕಾರ್ಮ್ಯಾಕ್‌ನನ್ನು ಬಾ ಎಂದು ಕರೆದವನೇ ಅವನು, ಆದರೆ ನಿನ್ನ ಜೊತೆಯ ಇಂಡಿಯನ್ನರು, ಅಂದರೆ ಬುಡಕಟ್ಟಿನವರು, ಬೇಡ ಎಂಬ ಅರ್ಥ ಬರುವಂತೆ ಮಾತಾಡಿದ. ಮುಂದೆ ಚಿನ್ನ ಸಿಕ್ಕಾಗ ಗುಡ್ಡ ಹತ್ತಿ ಅವನಿಗೆ ಹೇಳಿಬರುವ ಗೋಜಿಗೆ ಯಾರೂ ಹೋಗಲಿಲ್ಲ. ಅವನ ಕಿವಿಗೆ ಬೀಳುವಷ್ಟರಲ್ಲಿ ಹಳ್ಳ ಖಾಲಿ ಇರಲಿಲ್ಲ. ನಾಲಿಗೆಯ ಒಂದು ಮಾತಿಗೆ ಇಷ್ಟು ದುಬಾರಿ ದಂಡ ತೆತ್ತವರು ಗಣಿಗಾರಿಕೆಯ ಚರಿತ್ರೆಯಲ್ಲಿ ಹೆಚ್ಚಿಲ್ಲ. ಮುಂದೆ ಕೆನಡಾ ಸರ್ಕಾರ ಅವನಿಗೆ ತಿಂಗಳಿಗೆ 200 ಡಾಲರ್ ಪಿಂಚಣಿ ಕೊಟ್ಟಿತು.

ಕಾರ್ಮ್ಯಾಕ್ ಹೊಳೆಯ ಕೆಳಗಿನ ಫೋರ್ಟಿಮೈಲ್ ಎಂಬ ಗಣಿಗಾರರ ಊರಿಗೆ ಹೋಗಿ, ಸಲೂನಿನಲ್ಲಿ ನಿಂತು, ಬಂದೂಕಿನ ಖಾಲಿ ತೋಟಾದೊಳಗೆ ತುಂಬಿ ತಂದಿದ್ದ ಚಿನ್ನ ಸುರಿದ. ಅವನು ಸುಳ್ಳಿಗೆ ಹೆಸರಾದವನು. ಆದರೆ ಗಣಿಗಾರರ ಕಣ್ಣು ಮನುಷ್ಯನನ್ನಲ್ಲ, ಕಾಳನ್ನು ನೋಡುತ್ತದೆ. ಪ್ರತಿ ಹಳ್ಳದ ಚಿನ್ನಕ್ಕೂ ಅದರದೇ ಬಣ್ಣ, ಆಕಾರ ಇರುತ್ತದೆ. ಈ ಕಾಳು ಅಲ್ಲಿದ್ದ ಯಾರಿಗೂ ಗೊತ್ತಿದ್ದ ಹಳ್ಳದ್ದಲ್ಲ. ಬೆಳಗಾಗುವುದರೊಳಗೆ ಊರಿನ ದೋಣಿಗಳು ಮಾಯ. ಆಗಸ್ಟ್ ಮುಗಿಯುವಷ್ಟರಲ್ಲಿ ರ್ಯಾಬಿಟ್ ಕ್ರೀಕ್ ಬೊನಾಂಜಾ ಎಂಬ ಹೊಸ ಹೆಸರು ಹೊತ್ತು, ಉದ್ದಕ್ಕೂ ಗೂಟ ಹೊಡೆಸಿಕೊಂಡಿತ್ತು. ಅದಕ್ಕೆ ಸೇರುವ ಎಲ್ಡೊರಾಡೊ ಎಂಬ ಪುಟ್ಟ ತೊರೆ ಅದಕ್ಕಿಂತ ಶ್ರೀಮಂತ ಎಂಬುದು ಆಮೇಲೆ ತಿಳಿಯಿತು. ಅಲ್ಲಿಯೂ ಜಾಗ ಉಳಿಯಲಿಲ್ಲ.

ಜೋ ಲಡೂ ಎಂಬ ವ್ಯಾಪಾರಿಯ ತಲೆ ಬೇರೆ ಥರ ಓಡಿತು. ಅವನು ಚಿನ್ನದ ಹಳ್ಳಕ್ಕೆ ಹೋಗಲೇ ಇಲ್ಲ. ಎರಡು ನದಿ ಕೂಡುವ ಕಡೆಯ ಜೌಗು ಬಯಲನ್ನು ತನ್ನ ಹೆಸರಿಗೆ ಬರೆಸಿಕೊಂಡು, ತನ್ನ ಮರ ಕೊಯ್ಯುವ ಗರಗಸದ ಕಾರ್ಖಾನೆಯನ್ನು ಅಲ್ಲಿಗೆ ಸಾಗಿಸಿ, ನಿವೇಶನ ಮಾರಲು ಕುಳಿತ. ಭೂವಿಜ್ಞಾನಿ ಜಾರ್ಜ್ ಡಾಸನ್ ಹೆಸರಿನಲ್ಲಿ ಆ ಊರು ಡಾಸನ್ ಸಿಟಿಯಾಯಿತು.

ಎಂಬತ್ತಾರು ಅಡಿ

ಒಂದು ತುಂಡು, ಅವರ ಮಾತಲ್ಲಿ ಕ್ಲೇಮು, ಅಂದರೆ ಹಳ್ಳದುದ್ದಕ್ಕೆ 500 ಅಡಿ. ಆತುರದಲ್ಲಿ ಹೆಜ್ಜೆ ಎಣಿಸಿ, ಹಗ್ಗ ಎಳೆದು ಗೂಟ ಹೊಡೆದವರ ಲೆಕ್ಕ ಎಲ್ಲಿ ಸರಿಯಿರುತ್ತದೆ? ಗಡಿಜಗಳ ಹೊಡೆದಾಟಕ್ಕೆ ಬಂತು. ಸರ್ಕಾರಿ ಸರ್ವೆಯರ್ ವಿಲಿಯಂ ಒಗಿಲ್ವಿಯನ್ನು ಗಣಿಗಾರರೇ ಕರೆಸಿ, 1897ರ ಚಳಿಗಾಲದಲ್ಲಿ ಸರಪಳಿ ಹಿಡಿದು ಅಳತೆ ಮಾಡಿಸಿದರು. ಯಾರ ತುಂಡು 500 ಅಡಿಗಿಂತ ಹೆಚ್ಚಿದೆಯೋ ಆ ಹೆಚ್ಚುವರಿ ಚೂರು ಯಾರದೂ ಅಲ್ಲ, ಮೊದಲು ಗೂಟ ಹೊಡೆದವನಿಗೆ ಸೇರಿದ್ದು.

ಹೀಗೆ ಅಳೆಯುತ್ತ ಬೊನಾಂಜಾದಲ್ಲಿ ಎರಡು ಕ್ಲೇಮುಗಳ ನಡುವೆ 86 ಅಡಿ ಅಗಲದ ಒಂದು ಸೀಳು ಮಿಕ್ಕಿತು. ನಮ್ಮ ಕಡೆ ಇದಕ್ಕಿಂತ ದೊಡ್ಡ ಕಲ್ಯಾಣಮಂಟಪಗಳಿವೆ. ಒಗಿಲ್ವಿ ಸರ್ಕಾರಿ ನೌಕರ, ತಾನು ತೆಗೆದುಕೊಳ್ಳುವಂತಿಲ್ಲ. ಸರಪಳಿ ಹಿಡಿಯುತ್ತಿದ್ದ ಡಿಕ್ ಲೋ ಎಂಬ ಕೂಲಿ ಹಿಂದೆಮುಂದೆ ನೋಡಿದ. ಒಬ್ಬನಿಗೆ ಒಂದೇ ತುಂಡು. ಈ ಚೂರಿಗೆ ಗೂಟ ಹೊಡೆದರೆ ಮುಂದೆಲ್ಲೋ ಸಿಗಬಹುದಾದ ದೊಡ್ಡದು ತಪ್ಪುತ್ತದಲ್ಲ ಎಂಬ ಲೆಕ್ಕ ಅವನದು. ಕೊನೆಗೆ ಅರೆಮನಸ್ಸಿನಿಂದ ಹೊಡೆದ. ಮಾರಲು ನೋಡಿದ, ಕೊಳ್ಳುವವರಿಲ್ಲ. ಬೇರೆ ದಾರಿಯಿಲ್ಲದೆ ಅಗೆದ. ಆ ಸೀಳು ಕೊಟ್ಟದ್ದು ಸುಮಾರು ಐದು ಲಕ್ಷ ಡಾಲರ್ ಚಿನ್ನ. ಕ್ಲೋಂಡೈಕ್‌ನಲ್ಲಿ ಗೇಣು ಲೆಕ್ಕಕ್ಕೆ ಅದರಷ್ಟು ಸಿರಿವಂತ ಜಾಗ ಇನ್ನೊಂದು ಇರಲಿಲ್ಲ ಎನ್ನುತ್ತಾರೆ. ಡಿಕ್ ಲೋ ಅದನ್ನೆಲ್ಲ ಕುಡಿದು ಕಳೆದ.

ಈ ಪ್ರಸಂಗವನ್ನು ಅದೃಷ್ಟದ ಕಥೆಯಾಗಿ ಹೇಳುವುದೇ ಹೆಚ್ಚು. ನಾನು ಅದನ್ನು ಓದುವುದು ಬೇರೆ ರೀತಿ. ಸಿಯಾಟಲ್‌ನಲ್ಲಿ ಕ್ಲೋಂಡೈಕ್ ಎಂಬ ಶಬ್ದವನ್ನೇ ಯಾರೂ ಕೇಳಿರದ ದಿನಗಳಲ್ಲಿ, ಇಲ್ಲಿ 86 ಅಡಿಯ ಚೂರಿಗೂ ಒಡೆಯ ಹುಟ್ಟಿದ್ದ.

ಬೆಂಕಿಯಿಂದ ಅಗೆಯುವುದು

ಆ ಚಳಿಗಾಲದ ಕೆಲಸ ಹೇಗಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯೂಕಾನ್‌ನ ಆ ನೆಲ ಬೇಸಿಗೆಯಲ್ಲೂ ಮೇಲ್ಪದರ ಬಿಟ್ಟರೆ ಕರಗದು. ಪಾಚಿಯ ಹಾಸಿನ ಕೆಳಗೆ ಕಬ್ಬಿಣದಂತೆ ಹೆಪ್ಪುಗಟ್ಟಿದ ಕೆಸರು, ಅದರ ಕೆಳಗೆ ಗರಸು, ಅದರ ಕೆಳಗೆ ತಳಬಂಡೆ. ಚಿನ್ನವೆಲ್ಲ ಆ ತಳಬಂಡೆಯ ಮೇಲೆ, ಅದರ ಬಿರುಕುಗಳಲ್ಲಿ ಕುಳಿತಿರುತ್ತದೆ. ಗುದ್ದಲಿ ಹಾಕಿದರೆ ಟಣ್ ಎಂದು ಹಿಂದಕ್ಕೆ ನೆಗೆಯುತ್ತದೆ.

ಹಾಗಾಗಿ ಸಂಜೆ ಸೌದೆ ಒಟ್ಟಿ ಬೆಂಕಿ ಹಾಕುವುದು. ರಾತ್ರಿಯೆಲ್ಲ ಉರಿದು ಬೆಳಗಿನ ಹೊತ್ತಿಗೆ ಒಂದಡಿಯಷ್ಟು ನೆಲ ಕರಗಿರುತ್ತದೆ. ಹೊಗೆ ತುಂಬಿದ ಗುಂಡಿಗಿಳಿದು ಬೂದಿ, ಕೆಸರು ಬಾಚಿ, ಬಕೆಟ್ಟಿಗೆ ತುಂಬಿ, ಮೇಲಿನವನು ರಾಟೆ ತಿರುಗಿಸಿ ಎಳೆಯಬೇಕು. ಸಂಜೆ ಮತ್ತೆ ಬೆಂಕಿ. ಹೀಗೆ ದಿನಕ್ಕೊಂದಡಿ ಇಳಿಯುತ್ತ, ತಳಬಂಡೆ ಸಿಕ್ಕ ಮೇಲೆ ಅಡ್ಡಕ್ಕೆ ಸುರಂಗ ಕೊರೆಯುವುದು. ಚಳಿಯೇ ಇಲ್ಲಿ ಒಂದು ಅನುಕೂಲ. ಹೆಪ್ಪುಗಟ್ಟಿದ ಗೋಡೆಗೆ ಕಂಬ ಕೊಡಬೇಕಿಲ್ಲ, ಕುಸಿಯುವುದಿಲ್ಲ. ಎಳೆದು ಹಾಕಿದ ಗರಸು ಗುಂಡಿಯ ಪಕ್ಕದಲ್ಲೇ ಗುಡ್ಡೆಯಾಗಿ ಮತ್ತೆ ಹೆಪ್ಪುಗಟ್ಟುತ್ತದೆ. ತೊಳೆಯಲು ನೀರಿಲ್ಲ, ನೀರೆಲ್ಲ ಮಂಜುಗಡ್ಡೆ. ಗುಡಿಸಲೊಳಗೆ ಮಂಜು ಕರಗಿಸಿ ಒಂದೆರಡು ಬೋಗುಣಿ ತೊಳೆದು ನೋಡಬಹುದು, ಅಷ್ಟೆ. ಹಿಂದೆಲ್ಲ ಬೋಗುಣಿಗೆ ಹತ್ತು ಸೆಂಟಿನ ಚಿನ್ನ ಬಂದರೆ ಒಳ್ಳೆಯ ಜಾಗ ಎನ್ನುತ್ತಿದ್ದರು. ಇಲ್ಲಿ ಡಾಲರ್ ಲೆಕ್ಕದಲ್ಲಿ ಬರುತ್ತಿತ್ತು. ವಸಂತದಲ್ಲಿ ಮಂಜು ಕರಗಿ ಹಳ್ಳ ಹರಿದ ಮೇಲೆ, ಅಡ್ಡಪಟ್ಟಿ ಬಡಿದ ಮರದ ದೋಣಿಗಾಲುವೆಯಲ್ಲಿ ಆ ಗುಡ್ಡೆಯನ್ನೆಲ್ಲ ತೊಳೆದರೆ, ಹಗುರ ಮರಳು ಕೊಚ್ಚಿಹೋಗಿ ಚಿನ್ನ ಪಟ್ಟಿಗಳ ಹಿಂದೆ ನಿಲ್ಲುತ್ತದೆ.

ಅಂದರೆ 1897ರ ಮೇ ತನಕ ಅವರು ಲಕ್ಷಾಧಿಪತಿಗಳು, ಆದರೆ ಕೈಯಲ್ಲಿ ಹಿಟ್ಟಿಲ್ಲ. ಹೊಳೆ ಹೆಪ್ಪುಗಟ್ಟಿದ್ದರಿಂದ ಹಡಗಿಲ್ಲ, ಹಡಗಿಲ್ಲದ್ದರಿಂದ ಸುದ್ದಿಯೂ ಇಲ್ಲ. ಒಗಿಲ್ವಿಯ ಕಾಗದಗಳು ಹಿಮದ ಮೇಲೆ ಹೇಗೋ ಒಟ್ಟಾವಾ ಮುಟ್ಟಿದ್ದವು. ಸರ್ಕಾರ ಅದನ್ನು ಅಚ್ಚು ಹಾಕಿಸಿತು ಕೂಡ. ಯಾರೂ ಕಣ್ಣೆತ್ತಿ ನೋಡಲಿಲ್ಲ.

ಹಡಗು ಬಂದ ಬೆಳಿಗ್ಗೆ

ಕಾಗದ ಮಾಡಲಾಗದ್ದನ್ನು ಪೆಟ್ಟಿಗೆಗಳು ಮಾಡಿದವು. ಹೊಳೆ ಕರಗಿದ ಮೇಲೆ ಹೊರಟ ಮೊದಲ ಹಡಗುಗಳಲ್ಲಿ ಎಕ್ಸೆಲ್ಸಿಯರ್ ಜುಲೈ ಮಧ್ಯದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸೇರಿತು. ಎರಡು ಮೂರು ದಿನಕ್ಕೆ ಪೋರ್ಟ್‌ಲ್ಯಾಂಡ್ ಸಿಯಾಟಲ್‌ಗೆ. ಅದರಲ್ಲಿದ್ದ 68 ಮಂದಿ ಸೂಟ್‌ಕೇಸು, ಕಂಬಳಿ ಸುರುಳಿ, ಉಪ್ಪಿನಕಾಯಿ ಡಬ್ಬಿಗಳಲ್ಲಿ ಚಿನ್ನ ತುಂಬಿ, ಭಾರಕ್ಕೆ ಹಿಡಿಕೆ ಕಿತ್ತುಹೋಗಿ, ದಡಕ್ಕೆ ಎಳೆದು ತರುವುದನ್ನು ಸಾವಿರಾರು ಜನ ನಿಂತು ನೋಡಿದರು. ಪತ್ರಿಕೆಗಳು ಒಂದು ಟನ್ ಚಿನ್ನ ಎಂದವು. ಪತ್ರಿಕೆ ಕಡಿಮೆ ಬರೆದ ಅಪರೂಪದ ಸಂದರ್ಭ ಇದು. ನಿಜವಾಗಿ ಎರಡು ಟನ್ನಿಗೂ ಹೆಚ್ಚಿತ್ತು.

ಒಣಹುಲ್ಲು ಮೊದಲೇ ಸಿದ್ಧವಿತ್ತು. 1893ರಿಂದ ಅಮೆರಿಕದಲ್ಲಿ ಬ್ಯಾಂಕು ಮುಳುಗಿ, ರೈಲ್ವೆ ಕಂಪನಿ ದಿವಾಳಿಯಾಗಿ, ಕೆಲಸವಿಲ್ಲದ ನಾಲ್ಕು ವರ್ಷ ಕಳೆದಿದ್ದವು. ಹಣವೆಂದರೆ ಚಿನ್ನ, ಔನ್ಸಿಗೆ 20 ಡಾಲರ್ 67 ಸೆಂಟ್ ಎಂದು ಸರ್ಕಾರವೇ ನಿಗದಿ ಮಾಡಿದ್ದ ಕಾಲ. ಬೆಲೆ ಬೀಳುವ ಭಯವಿಲ್ಲದ, ನೆಲದಿಂದ ನೇರವಾಗಿ ಹಣವನ್ನೇ ಅಗೆಯುವ ಕೆಲಸ. ಸಿಯಾಟಲ್‌ನ ಟ್ರ್ಯಾಮು ಚಾಲಕರು ಕೆಲಸ ಬಿಟ್ಟರು. ಪೊಲೀಸರು ಬಿಟ್ಟರು. ಮೇಯರ್ ವುಡ್ ಆಗ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ, ಊರಿಗೆ ವಾಪಸು ಬರುವ ಕಷ್ಟವನ್ನೂ ತೆಗೆದುಕೊಳ್ಳದೆ ಅಲ್ಲಿಂದಲೇ ತಂತಿ ಕಳಿಸಿ ರಾಜೀನಾಮೆ ಕೊಟ್ಟ.

ಸಿಯಾಟಲ್ ವರ್ತಕರ ಸಂಘ ಎರಾಸ್ಟಸ್ ಬ್ರೈನರ್ಡ್ ಎಂಬ ಪತ್ರಕರ್ತನನ್ನು ಪ್ರಚಾರಕ್ಕೆ ಇಟ್ಟುಕೊಂಡಿತು. ಕ್ಲೋಂಡೈಕ್‌ಗೆ ಹೋಗುವ ದಾರಿ ಎಂದರೆ ಸಿಯಾಟಲ್ ಎಂದು ದೇಶವೆಲ್ಲ ನಂಬುವಂತೆ ಅವನು ಪತ್ರಿಕೆಗಳಲ್ಲಿ ಬರೆದ, ಬರೆಸಿದ. 1890ರಲ್ಲಿ 42,837 ಇದ್ದ ಊರಿನ ಜನಸಂಖ್ಯೆ 1900ಕ್ಕೆ 80,671. ಸೀಮೆಯ ಚಿನ್ನ ಬತ್ತಿದರೂ ಬತ್ತದ ಒರತೆ ಅದು. ಅಂದಾಜು ಒಂದು ಲಕ್ಷ ಜನ ಹೊರಟರು.

ಹೊರಟವರಲ್ಲಿ ಒಬ್ಬನಾದರೂ ನಕ್ಷೆಯ ಮುಂದೆ ಕೂತು, ಈ ಹಡಗು ಹೊರಟದ್ದು ಯಾವಾಗ, ಚಿನ್ನ ಸಿಕ್ಕದ್ದು ಯಾವಾಗ, ನಡುವೆ ಅಲ್ಲಿದ್ದವರು ಏನು ಮಾಡುತ್ತಿದ್ದರು ಎಂದು ಕೇಳಿಕೊಂಡಿದ್ದರೆ ಸಾಕಿತ್ತು. ಕೇಳಿಕೊಂಡವರು ಇದ್ದಿರಬೇಕು, ಅವರು ಮನೆಯಲ್ಲೇ ಉಳಿದದ್ದರಿಂದ ಚರಿತ್ರೆಗೆ ಸಿಕ್ಕಿಲ್ಲ.

ಒಂದು ಟನ್ ಹೊರೆ

ದಾರಿಗಳು ಹಲವಿದ್ದವು, ಹೆಚ್ಚಿನವರು ಹಿಡಿದದ್ದು ಅಲಾಸ್ಕಾ ಕರಾವಳಿಯಿಂದ ಬೆಟ್ಟ ದಾಟುವ ಎರಡು ಕಣಿವೆದಾರಿ, ಅವರ ಮಾತಲ್ಲಿ ಪಾಸ್. ಸ್ಕ್ಯಾಗ್ವೇಯಿಂದ ವೈಟ್ ಪಾಸ್, ಪಕ್ಕದ ಡೈಯೀಯಿಂದ ಚಿಲ್ಕೂಟ್ ಪಾಸ್. ವೈಟ್ ಪಾಸ್‌ನಲ್ಲಿ ಕುದುರೆ ನಡೆಯುತ್ತದೆ ಎಂದು ನಂಬಿ ಹೋದವರು ಸುಮಾರು 3,000 ಕುದುರೆಗಳನ್ನು ಕೊಂದು ದಾರಿಗೆ ಸತ್ತ ಕುದುರೆಯ ಹೆಸರು ತಂದರು. ಸ್ಕ್ಯಾಗ್ವೇ ಪಟ್ಟಣವನ್ನು ಸೋಪಿ ಸ್ಮಿತ್ ಎಂಬ ಮೋಸಗಾರನ ಗುಂಪು ಆಳುತ್ತಿತ್ತು. ತಂತಿಯೇ ಇಲ್ಲದ ತಂತಿ ಕಚೇರಿ ನಡೆಸಿ ದುಡ್ಡು ವಸೂಲು ಮಾಡಿದ ಪುಣ್ಯಾತ್ಮ ಅವನು, 1898ರ ಜುಲೈ 8ರಂದು ಗುಂಡೇಟಿಗೆ ಸತ್ತ.

ಚಿಲ್ಕೂಟ್ ಟ್ಲಿಂಗಿಟ್ ಜನರ ಹಳೆಯ ವ್ಯಾಪಾರದ ದಾರಿ. ಅವರು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಹಾದಿಯಲ್ಲಿ ಈಗ ಅವರೇ ಪೌಂಡಿಗಿಷ್ಟು ಎಂದು ಹೊರೆ ಹೊತ್ತರು. ಹೊರೆ ಯಾಕೆ ಅಷ್ಟು? 1897ರ ಕೊನೆಯ ಹೊತ್ತಿಗೆ ಡಾಸನ್‌ನಲ್ಲಿ ಹಸಿವಿನ ಭೀತಿ ಬಂದಿತ್ತು. ಅದಕ್ಕಾಗಿ ಕೆನಡಾದ ವಾಯವ್ಯ ಅಶ್ವಾರೋಹಿ ಪೊಲೀಸರು ಕಣಿವೆಯ ನೆತ್ತಿಯಲ್ಲಿ ಠಾಣೆ ಹಾಕಿ, ಒಂದು ವರ್ಷದ ಊಟ ಇಲ್ಲದವನನ್ನು ಗಡಿ ದಾಟಿಸುವುದಿಲ್ಲ ಎಂದರು. 180 ಕೆಜಿ ಹಿಟ್ಟು, 90 ಕೆಜಿ ಹಂದಿಮಾಂಸ, 45 ಕೆಜಿ ಬೀನ್ಸ್ ಕಾಳು, ಸಕ್ಕರೆ, ಡೇರೆ, ಗರಗಸ, ಮೊಳೆ, ಒಲೆ ಎಲ್ಲ ಸೇರಿ ಸುಮಾರು ಒಂದು ಟನ್, ಅಮೆರಿಕದ ಲೆಕ್ಕದಲ್ಲಿ 900 ಕೆಜಿಯಷ್ಟು. ಅದರ ಮೇಲೆ ಸುಂಕ ಬೇರೆ.

ಲೆಕ್ಕ ಹಾಕೋಣ. ಬೆನ್ನಿಗೆ ಒಂದು ಸಲಕ್ಕೆ 30 ಕೆಜಿ ಎಂದರೆ 30 ಸುತ್ತು. ಡೈಯೀಯಿಂದ ಬೆನೆಟ್ ಸರೋವರಕ್ಕೆ 53 ಕಿ.ಮೀ. ಜಾರುಬಂಡಿ, ಕೂಲಿ ಏನೂ ಇಲ್ಲದೆ ಬರೀ ಬೆನ್ನನ್ನೇ ನಂಬಿದವನು 30 ಸಲ ಹೋಗಿ 29 ಸಲ ಬಂದರೆ 3,100 ಕಿ.ಮೀ. ದಾಟುತ್ತದೆ. ಬೆಂಗಳೂರಿನಿಂದ ಕಾಶ್ಮೀರದ ದೂರ, 53 ಕಿ.ಮೀ. ಮುಂದೆ ಹೋಗಲು.

ಕಣಿವೆಯ ಕೊನೆಯ ಏರನ್ನು ಮಂಜುಗಡ್ಡೆಯಲ್ಲಿ ಕೊಡಲಿಯಿಂದ ಕಡಿದು ಸುಮಾರು 1,500 ಮೆಟ್ಟಿಲು ಮಾಡಿದ್ದರು. ಒಬ್ಬನ ಹಿಮ್ಮಡಿಗೆ ಇನ್ನೊಬ್ಬನ ಮೂಗು. ಉಸಿರು ಸಾಲದೆ ಪಕ್ಕಕ್ಕೆ ಸರಿದು ನಿಂತರೆ ಮತ್ತೆ ಸಾಲಿನೊಳಗೆ ನುಗ್ಗಲು ಜಾಗ ಸಿಗುವುದೇ ಕಷ್ಟ. ನೆತ್ತಿಯಲ್ಲಿ ಹೊರೆ ಇಳಿಸಿ, ಗುರುತಿಗೆ ಒಂದು ಕೋಲು ನೆಟ್ಟು, ಹಿಮದ ಮೇಲೆ ಕುಂಡೆಯೂರಿ ಜಾರಿಕೊಂಡು ನಿಮಿಷದಲ್ಲಿ ಕೆಳಗೆ. ಮತ್ತೆ ಸಾಲು. 1898ರ ಏಪ್ರಿಲ್ 3ರಂದು, ಹಿಮ ಸಡಿಲವಾಗಿದೆ, ಹೋಗಬೇಡಿ ಎಂದು ಟ್ಲಿಂಗಿಟ್ ಕೂಲಿಗಳು ಹೊರೆ ಹೊರಲು ಒಪ್ಪಲಿಲ್ಲ. ಅವರ ಮಾತು ಕೇಳದೆ ಹೋದವರ ಮೇಲೆ ಹಿಮಕುಸಿತ ಬಿದ್ದು 60ಕ್ಕೂ ಹೆಚ್ಚು ಮಂದಿ ಸತ್ತರು.

ಬೆನೆಟ್ ಸರೋವರದ ದಡದಲ್ಲಿ ಚಳಿಗಾಲವೆಲ್ಲ ಮರ ಕೊಯ್ದು ದೋಣಿ ಕಟ್ಟುವುದು. ಉದ್ದ ಗರಗಸಕ್ಕೆ ಮೇಲೊಬ್ಬ, ಕೆಳಗೊಬ್ಬ. ಕೆಳಗಿನವನ ಕಣ್ಣಿಗೆ ಹೊಟ್ಟು, ಮೇಲಿನವನ ಸೊಂಟಕ್ಕೆ ನೋವು, ತಪ್ಪು ಇನ್ನೊಬ್ಬನದೇ ಎಂದು ಇಬ್ಬರಿಗೂ ಖಾತ್ರಿ. ಬಾಲ್ಯದ ಗೆಳೆಯರು ಅಲ್ಲಿ ಬೇರೆಯಾದರು. ಪಾಲು ಮಾಡಿಕೊಳ್ಳುವಾಗ ದೋಣಿಯನ್ನೂ ಕಾವಲಿಯನ್ನೂ ನಡುವೆ ಕೊಯ್ದುಕೊಂಡವರ ಕಥೆಗಳಿವೆ. ಕಾವಲಿಯ ಕಥೆಯನ್ನು ನಾನು ಪೂರ್ತಿ ನಂಬುತ್ತೇನೆ. ಮೇ 29ರಂದು ಮಂಜು ಒಡೆಯಿತು. 7,000ಕ್ಕೂ ಹೆಚ್ಚು ದೋಣಿಗಳು, ಎರಡು ಹುಟ್ಟು ಹಾಕಿದ ಶವಪೆಟ್ಟಿಗೆಯಂಥವೂ ಸೇರಿ, ಒಟ್ಟಿಗೆ ನೀರಿಗಿಳಿದವು. ಡಾಸನ್ ಇನ್ನೂ 800 ಕಿ.ಮೀ.ಗೂ ದೂರ. ನಡುವಿನ ಮೈಲ್ಸ್ ಕಣಿವೆಯ ಸುಳಿಯಲ್ಲಿ ಮೊದಲ ಕೆಲವೇ ದಿನಗಳಲ್ಲಿ ಸುಮಾರು 150 ದೋಣಿ ಒಡೆದಾಗ, ಪೊಲೀಸ್ ಅಧಿಕಾರಿ ಸ್ಯಾಮ್ ಸ್ಟೀಲ್ ಪ್ರತಿ ದೋಣಿಗೂ ನಂಬರು ಹಾಕಿಸಿ, ನುರಿತ ಚಾಲಕನಿಲ್ಲದೆ ದಾಟುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಿದ.

ತಲುಪಿದವರು

ಲಕ್ಷದಲ್ಲಿ ಡಾಸನ್ ಮುಟ್ಟಿದವರು ಅಂದಾಜು 30,000ರಿಂದ 40,000. ದಡದುದ್ದಕ್ಕೂ ದೋಣಿಗಳ ಮೇಲೆ ದೋಣಿ ಕಟ್ಟಿ ಇಳಿದವರು ಮೊದಲು ಮಾಡಿದ ಕೆಲಸವೆಂದರೆ ಮುಖ್ಯ ಬೀದಿಯಲ್ಲಿ ಸುಮ್ಮನೆ ಅತ್ತಿಂದಿತ್ತ ನಡೆದದ್ದು. ಒಂದು ವರ್ಷ ಇದೊಂದಕ್ಕೇ ಜೀವ ತೇದಿದ್ದವರು, ಊರು ಸೂರೆಹೋದ ಮೇಲೆ ಕೋಟೆ ಬಾಗಿಲಿಗೆ ಬಂದು ನಿಂತಿದ್ದರು. ಎಷ್ಟೋ ಜನ ಹಳ್ಳದ ಕಡೆಗೆ ಒಂದು ಸಲವೂ ಹೋಗಲಿಲ್ಲ. ಹೊತ್ತು ತಂದ ಒಂದು ಟನ್ನನ್ನು ಬೀದಿಯಲ್ಲಿ ಹರಡಿ ಮಾರಿ, ಟಿಕೆಟ್ಟಿನ ದುಡ್ಡಾದ ಕೂಡಲೇ ಹಡಗು ಹತ್ತಿದರು. ಉಳಿದವರಲ್ಲಿ ಹೆಚ್ಚಿನವರು ಮೊದಲೇ ಗೂಟ ಹೊಡೆದವರ ಬಳಿ ಕೂಲಿಗೆ ಸೇರಿದರು. ಒಟ್ಟು ಚಿನ್ನ ಕಂಡವರು ಸುಮಾರು 4,000, ಶ್ರೀಮಂತರಾದವರು ಕೆಲವೇ ನೂರು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು.

ನನ್ನ ವಾದಕ್ಕೆ ಇಲ್ಲೊಂದು ತೊಡಕಿದೆ, ಅಡಗಿಸುವುದು ಸರಿಯಲ್ಲ. ಆ ಸೀಮೆಯಲ್ಲಿ ಒಂದು ಚಳಿಗಾಲ ಪೂರ್ತಿ ಕಳೆದವನಿಗೆ ಹುಳಿಹಿಟ್ಟು ಎಂದು ಹೆಸರು, ರೊಟ್ಟಿಯ ಹುಳಿಹಿಟ್ಟನ್ನು ಹೆಪ್ಪುಗಟ್ಟದಂತೆ ಕಾಪಾಡಿಕೊಂಡವನು ಎಂದು. ಹೊಸಬ ಚೀಚಾಕೊ. ಕೆಲವು ಚೀಚಾಕೊಗಳು ಹಳ್ಳದಲ್ಲಿ ಜಾಗವಿಲ್ಲದೆ ಮೇಲಿನ ಗುಡ್ಡದ ಓರೆಯಲ್ಲಿ ಅಗೆದರು. ಚಿನ್ನ ನೀರಿನ ಜಾಡಲ್ಲಿರುತ್ತದೆ, ಗುಡ್ಡದ ಮೇಲೆ ಎಲ್ಲಿ ಬರಬೇಕು ಎಂದು ಹುಳಿಹಿಟ್ಟುಗಳು ನಕ್ಕರು. ಆದರೆ ಲಕ್ಷಾಂತರ ವರ್ಷಗಳ ಹಿಂದೆ ಹಳ್ಳ ಅಷ್ಟು ಎತ್ತರದಲ್ಲೇ ಹರಿಯುತ್ತಿತ್ತು, ಅದರ ಬಿಳಿ ಗರಸು ಅಲ್ಲೇ ಉಳಿದಿತ್ತು, ಚಿನ್ನದ ಸಮೇತ. ಗೋಲ್ಡ್ ಹಿಲ್, ಚೀಚಾಕೊ ಹಿಲ್ ಹೀಗೆ ಹುಟ್ಟಿದವು. ಏನೂ ತಿಳಿಯದಿರುವುದು ಕೂಡ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ. ಆದರೂ ಈ ಗುಡ್ಡಗಳಲ್ಲಿ ಒಳ್ಳೆಯ ಜಾಗವೆಲ್ಲ ಹಿಡಿದವರು 1898ರ ದೊಡ್ಡ ದಂಡಿಗಿಂತ ಮೊದಲೇ ಬಂದಿದ್ದ ಬೆರಳೆಣಿಕೆಯವರು.

ಊರಿನೊಳಗೆ ಹಣವೆಂದರೆ ಚಿನ್ನದ ಪುಡಿ, ಔನ್ಸಿಗೆ 16 ಡಾಲರ್. ಪ್ರತಿ ಅಂಗಡಿಯಲ್ಲೂ ತಕ್ಕಡಿ. ತೂಗುವವನು ಚೀಲಕ್ಕೆ ಬೆರಳು ಹಾಕಿ ತೆಗೆಯುವಾಗ ಉಗುರಿನೊಳಗೆ, ಒದ್ದೆ ಬೆರಳಿನ ತುದಿಯಲ್ಲಿ, ಎಣ್ಣೆ ಹಚ್ಚಿದ ತಲೆಗೂದಲಲ್ಲಿ ಅಷ್ಟಿಷ್ಟು ಉಳಿಯುತ್ತಿತ್ತು. ರಾತ್ರಿ ತಲೆ ತೊಳೆದರೆ ಅದೇ ಒಂದು ಗಣಿ. ಬೆಲಿಂಡಾ ಮುಲ್ರೂನಿ ಎಂಬ ಹೆಂಗಸು 1897ರಲ್ಲೇ ಬಟ್ಟೆ, ಬಿಸಿನೀರಿನ ಚೀಲ ತಂದು ಹಲವು ಪಟ್ಟು ಬೆಲೆಗೆ ಮಾರಿ, ಬೊನಾಂಜಾ ಮತ್ತು ಎಲ್ಡೊರಾಡೊ ಕೂಡುವಲ್ಲಿ ಹೋಟೆಲು ಕಟ್ಟಿ, ಡಾಸನ್‌ನಲ್ಲಿ ಫೇರ್‌ವ್ಯೂ ಎಂಬ ಇನ್ನೂ ದೊಡ್ಡದನ್ನು ಎಬ್ಬಿಸಿದಳು. ಗಣಿಗಾರರು ಊಟ ಮಾಡುತ್ತ ಆಡುವ ಮಾತು ಕಿವಿಗೆ ಬೀಳುವ ಜಾಗದಲ್ಲಿ ನಿಂತವಳು, ಯಾವ ಕ್ಲೇಮಿನಲ್ಲಿ ಪಾಲು ಕೊಳ್ಳಬೇಕು ಎಂಬುದೂ ಅವಳಿಗೇ ಮೊದಲು ತಿಳಿಯುತ್ತಿತ್ತು.

ಪೊಲೀಸರು ಪಿಸ್ತೂಲು ಕಟ್ಟಿ ತಿರುಗಲು ಬಿಡಲಿಲ್ಲ. ಶನಿವಾರ ಮಧ್ಯರಾತ್ರಿಗೆ ಸಲೂನು ಬಂದ್, ಭಾನುವಾರ ಸೌದೆ ಕೊಯ್ದರೂ ದಂಡ. ತಪ್ಪು ಮಾಡಿದವರಿಗೆ ಪೊಲೀಸರ ಒಲೆಗೆ ಸೌದೆ ಸೀಳುವ ಶಿಕ್ಷೆ. ಸರ್ಕಾರ ಚಿನ್ನದ ಮೇಲೆ ಶೇ. 10 ರಾಜಧನ ಹಾಕಿದ್ದು ಮಾತ್ರ ಗಣಿಗಾರರಿಗೆ ಗುಂಡೇಟಿಗಿಂತ ನೋವು ತಂದಿತು.

ಇಳಿತ: ಎರಡು ಬೇರೆ ಬೇರೆ ಗಡಿಯಾರ

1899ರ ಏಪ್ರಿಲ್ 26ರ ರಾತ್ರಿ ಬೆಂಕಿ ಬಿದ್ದು ಡಾಸನ್‌ನ 117 ಕಟ್ಟಡ ಸುಟ್ಟವು. ಊರು ಮತ್ತೆ ಎದ್ದಿತು, ಮೊದಲಿಗಿಂತ ಚಂದವಾಗಿ. ಅದನ್ನು ಖಾಲಿ ಮಾಡಿದ್ದು ಬೆಂಕಿಯಲ್ಲ, ಇನ್ನೊಂದು ಸುದ್ದಿ. ಅಲಾಸ್ಕಾದ ಪಶ್ಚಿಮ ತುದಿಯ ನೋಮ್‌ನಲ್ಲಿ ಕಡಲತೀರದ ಮರಳಲ್ಲೇ ಚಿನ್ನ, ಗೂಟ ಹೊಡೆಯುವ ಗೋಜಿಲ್ಲ, ಕೊಡಲಿ ಬೆಂಕಿ ಬೇಕಿಲ್ಲ ಎಂಬ ಸುದ್ದಿ. ಆಗಸ್ಟಿನ ಆ ಒಂದು ವಾರದಲ್ಲಿ ಹೊರಟ 8,000 ಮಂದಿ ಹೋದದ್ದು ಅಲ್ಲಿಗೆ. ಡಾಸನ್‌ಗೆ ತಡವಾಗಿ ಬಂದಿದ್ದವರು ಈ ಸಲ ತಡಮಾಡಬಾರದು ಎಂದು ನಿಶ್ಚಯಿಸಿದ್ದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಜನ ಹೊರಟದ್ದು 1899ರಲ್ಲಿ. ಕ್ಲೋಂಡೈಕ್‌ನ ಚಿನ್ನ ಶಿಖರ ಮುಟ್ಟಿದ್ದು ಮರುವರ್ಷ, 1900ರಲ್ಲಿ, ಸುಮಾರು 2 ಕೋಟಿ 20 ಲಕ್ಷ ಡಾಲರ್. ಚಿನ್ನ ಮುಗಿದು ಜನ ಹೋದದ್ದಲ್ಲ. ಅಂದರೆ ಜನರ ಏರಿಳಿತಕ್ಕೂ ಚಿನ್ನದ ಏರಿಳಿತಕ್ಕೂ ಎಂದೂ ತಾಳೆಯಾಗಲಿಲ್ಲ. ಚಿನ್ನ ಹೇರಳವಿದ್ದಾಗ ಜನ ಇರಲಿಲ್ಲ, ಜನ ಬಂದಾಗ ಜಾಗ ಇರಲಿಲ್ಲ, ಜನ ಹೋದ ಮೇಲೆ ಉತ್ಪಾದನೆ ಏರಿತು. ವೈಟ್ ಪಾಸ್ ಮೇಲೆ ರೈಲು ಪೂರ್ತಿಯಾದದ್ದು 1900ರ ಜುಲೈ 29ಕ್ಕೆ. 3,000 ಕುದುರೆ ಸತ್ತ ದಾರಿಯಲ್ಲಿ ಕುಳಿತು ಹೋಗುವಂತಾದಾಗ ಹೋಗಬೇಕಾದವರು ಹೋಗಿ, ಬಂದು ಆಗಿತ್ತು.

ಆ ರೈಲಿನಲ್ಲಿ ಬಂದದ್ದು ಯಂತ್ರ. ಕೈಯಿಂದ ತೆಗೆಯಬಹುದಾದ ಕೆನೆ ಮುಗಿದು, ಉಳಿದ ತೆಳು ಚಿನ್ನಕ್ಕೆ ಬಂಡವಾಳ ಬೇಕಿತ್ತು. ಟ್ರೆಡ್‌ಗೋಲ್ಡ್, ಜೋ ಬಾಯ್ಲ್ ಮೊದಲಾದ ಉದ್ಯಮಿಗಳು ಸರ್ಕಾರದಿಂದ ದೊಡ್ಡ ದೊಡ್ಡ ಗುತ್ತಿಗೆ ಹಿಡಿದು, ಕಣಿವೆಗಳನ್ನೇ ಅಗಿದು ಹಿಂದಕ್ಕೆ ಉಗುಳುವ ತೇಲುಯಂತ್ರಗಳನ್ನು ಇಳಿಸಿದರು. 1912ರಲ್ಲಿ ಕಟ್ಟಿದ ನಾಲ್ಕನೇ ನಂಬರಿನದು ಎಂಟಂತಸ್ತಿನಷ್ಟು ಎತ್ತರ. ಈ ಯಂತ್ರಗಳು 1966ರವರೆಗೂ ಅಲ್ಲಲ್ಲಿ ನಡೆದವು. ಅವು ಉಗುಳಿದ ಕಲ್ಲುಗುಡ್ಡೆಗಳು ಕಂಬಳಿಹುಳುವಿನ ಬೆನ್ನಿನಂತೆ ಇವತ್ತಿಗೂ ಕಣಿವೆಯುದ್ದಕ್ಕೂ ಬಿದ್ದಿವೆ. ಯೂಕಾನ್ ಸೀಮೆಯ ಜನಗಣತಿ 1901ರಲ್ಲಿ 27,219, 1911ರಲ್ಲಿ 8,512, 1921ರಲ್ಲಿ 4,157. 1953ರಲ್ಲಿ ಡಾಸನ್‌ಗಿದ್ದ ರಾಜಧಾನಿಯ ಪಟ್ಟವೂ ವೈಟ್‌ಹಾರ್ಸ್‌ಗೆ ಹೋಯಿತು.

ಹೊರಟವರು ದಾರಿಗೆ ಸುರಿದ ಹಣ ಅಂದಾಜು 5 ಕೋಟಿ ಡಾಲರ್, ಮೊದಲ ಕೆಲವು ವರ್ಷಗಳಲ್ಲಿ ಕ್ಲೋಂಡೈಕ್ ಕೊಟ್ಟ ಚಿನ್ನಕ್ಕೆ ಹೆಚ್ಚುಕಡಿಮೆ ಸಮ ಎನ್ನುವ ಮಾತಿದೆ. ಹಾಕಿದವರೂ ಪಡೆದವರೂ ಮಾತ್ರ ಒಬ್ಬರೇ ಅಲ್ಲ. ಗೂಟ ಹೊಡೆದವರಲ್ಲೂ ಎಲ್ಲರಿಗೂ ದಕ್ಕಲಿಲ್ಲ. ಕ್ಲೋಂಡೈಕ್‌ನ ದೊರೆ ಎನಿಸಿಕೊಂಡಿದ್ದ ಅಲೆಕ್ಸ್ ಮೆಕ್‌ಡೊನಾಲ್ಡ್ ಸಿಕ್ಕ ಸಿಕ್ಕ ಕ್ಲೇಮು ಸಾಲ ಮಾಡಿ ಕೊಳ್ಳುತ್ತ ಹೋಗಿ, 1909ರಲ್ಲಿ ದೂರದ ಹಳ್ಳವೊಂದರಲ್ಲಿ ಸೌದೆ ಸೀಳುತ್ತಿದ್ದಾಗ ಒಬ್ಬನೇ ಸತ್ತ. ಕಾರ್ಮ್ಯಾಕ್ ಕೇಟ್‌ಳನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡು ಸುಖವಾಗಿದ್ದ. ಕೇಟ್ 1920ರಲ್ಲಿ ಜ್ವರಕ್ಕೆ ತೀರಿಕೊಂಡಳು. ಸ್ಕೂಕಮ್ ಜಿಮ್ 1916ರಲ್ಲಿ ಸಾಯುವಾಗ ತನ್ನ ಪಾಲಿನ ಹಣವನ್ನು ತನ್ನ ಜನರಿಗೆ ಉಯಿಲು ಬರೆದಿಟ್ಟಿದ್ದ, ವೈಟ್‌ಹಾರ್ಸ್‌ನಲ್ಲಿ ಅವನ ಹೆಸರಿನ ಕೇಂದ್ರವೊಂದು ಇಂದಿಗೂ ಇದೆ.

ಐದು ಕಿಲೋಮೀಟರ್ ಕೆಳಗೆ

ಮೀನುಗೂಟದ ಜನರ ಮಾತು ಬಾಕಿ ಇದೆ. ಅವರ ಮುಖಂಡ ಐಸಾಕ್ ಏನಾಗುತ್ತಿದೆ ಎಂಬುದನ್ನು ಬೇಗ ಗ್ರಹಿಸಿದ. ಮೀನು ಹಿಡಿಯುತ್ತಿದ್ದ ದಡದ ಮೇಲೆ ಗುಡಿಸಲು, ಸಲೂನು ಎದ್ದಿದ್ದವು, ಸೌದೆಗೆ ಕಾಡು ಬೋಳಾಗಿತ್ತು, ಬೇಟೆ ದೂರ ಸರಿದಿತ್ತು, ಟೈಫಾಯ್ಡ್ ಹರಡುತ್ತಿತ್ತು. 1897ರಲ್ಲೇ ಅವನು ತನ್ನವರನ್ನು ಹೊಳೆಯ ಕೆಳಗೆ ಐದು ಕಿ.ಮೀ. ದೂರದ ಮೂಸ್‌ಹೈಡ್‌ಗೆ ಕರೆದೊಯ್ದ. ಜನರ ಜೊತೆಗೆ ಇನ್ನೊಂದನ್ನೂ ಸಾಗಿಸಿದ. ಈ ಗದ್ದಲದಲ್ಲಿ ಹಾಡುಗಳು ಕಳೆದುಹೋಗುತ್ತವೆ ಎಂದು ಅಂಜಿ, ಅವನ್ನೂ ಕುಣಿತದ ಕೋಲನ್ನೂ ಅಲಾಸ್ಕಾ ಬದಿಯ ತಮ್ಮ ನಂಟರ ವಶಕ್ಕೆ ಕೊಟ್ಟ, ಕಾಪಾಡಿಕೊಂಡಿರಿ ಎಂದು.

ನಂಟರು ಕಾಪಾಡಿಕೊಂಡಿದ್ದರು. 1990ರ ದಶಕದಲ್ಲಿ ಹಾಡುಗಳು ಹಿಂದಿರುಗಿದವು. 1998ರ ಜುಲೈನಲ್ಲಿ ಆ ಜನರು ತಮ್ಮ ನೆಲದ ಮೇಲಿನ ಹಕ್ಕಿನ ಒಪ್ಪಂದಕ್ಕೆ ಕೆನಡಾ ಸರ್ಕಾರದೊಡನೆ ಸಹಿ ಹಾಕಿದರು. 2023ರಲ್ಲಿ ಯುನೆಸ್ಕೋ ಆ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೆಸರಿನಲ್ಲಿ ಟ್ರೋಂಡೆಕ್ ಮೊದಲು ಬಂತು, ಕ್ಲೋಂಡೈಕ್ ಆಮೇಲೆ. ಡಾಸನ್‌ನಲ್ಲಿ ಈಗ ಸುಮಾರು 1,500 ಜನ. ಎರಡು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅಲ್ಲಿಂದ ದೋಣಿಗಳು ಜನರನ್ನು ತುಂಬಿಕೊಂಡು ಹೊಳೆಯ ಕೆಳಗೆ ಮೂಸ್‌ಹೈಡ್‌ಗೆ ಹೋಗುತ್ತವೆ, ಆ ಹಾಡುಗಳನ್ನು ಹಾಡಲು.